ಬಾಲ್ಕನಿಯ ಎಡೆಲ್‌ವೈಸ್ ಹಸಿರಾಗಿದ್ದೇಕೆ, ಕೊಳೆತದ್ದೇಕೆ?

ಓದುಗರ ಪ್ರಶ್ನೆ: "ಮೂರು ವರ್ಷಗಳಿಂದ ಮ್ಯೂನಿಕ್‌ನಲ್ಲಿದ್ದೇನೆ. ಕಳೆದ ವರ್ಷ ಮೇ ತಿಂಗಳಲ್ಲಿ ಆಲ್ಪ್ಸ್ ಪರ್ವತದ ಬಿಳಿ ಹೂಗಿಡ ಎಡೆಲ್‌ವೈಸ್ ಎರಡನ್ನು ತಂದೆ. ನಮ್ಮದು ನಾಲ್ಕನೇ ಮಹಡಿ, ಬಾಲ್ಕನಿ ಪಶ್ಚಿಮಕ್ಕಿದೆ, ಕಟಕಟೆ ಗಾಜಿನದು. ಜೂನ್‌ನಲ್ಲಿ ಹೂ ಅರಳೆಯಷ್ಟು ಬೆಳ್ಳಗಿತ್ತು. ಆಮೇಲೆ ಎರಡನ್ನೂ ದೊಡ್ಡ ಪ್ಲಾಸ್ಟಿಕ್ ಕುಂಡಗಳಿಗೆ ಬದಲಾಯಿಸಿದೆ. ನೀರು ಬಸಿಯಲೆಂದು ತಳಕ್ಕೆ ಎರಡು ಇಂಚು ಬೆಣಚುಕಲ್ಲು, ಮೇಲೆ ಅಂಗಡಿಯ ಹೂಗಿಡದ ಮಣ್ಣು, ಹದಿನೈದು ದಿನಕ್ಕೊಮ್ಮೆ ದ್ರವ ಗೊಬ್ಬರ. ಚಳಿಗಾಲಕ್ಕೆ ಇಡೀ ಗಿಡಕ್ಕೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ವಾರಕ್ಕೊಮ್ಮೆ ನೀರು ಹಾಕಿದೆ. ಮಾರ್ಚ್‌ನಲ್ಲಿ ಬಿಚ್ಚಿದರೆ ಒಂದರ ನಡುಭಾಗ ಕಪ್ಪಾಗಿ ಕೊಳೆತಿತ್ತು. ಉಳಿದದ್ದು ಈ ಬೇಸಿಗೆಯಲ್ಲಿ ಒಂದೂವರೆ ಗೇಣು ಎತ್ತರ ಬೆಳೆದು, ಹಸಿರು ಬೆರೆತ ಬೂದು ಬಣ್ಣದ ನಾಲ್ಕೇ ಹೂ ಬಿಟ್ಟಿದೆ. 2,000 ಮೀಟರ್‌ಗಿಂತ ಕೆಳಗೆ ಈ ಗಿಡ ಬದುಕುವುದೇ ಇಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಮನೆಯಲ್ಲಿಡುವುದೇ ಕಾನೂನಿಗೆ ವಿರುದ್ಧ ಎನ್ನುತ್ತಾರೆ ಇನ್ನೊಬ್ಬರು. ಈಗ ಸೆಪ್ಟೆಂಬರ್, ಇದನ್ನು ಉಳಿಸಿಕೊಳ್ಳಲು ಏನು ಮಾಡಲಿ? ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ಚಿಕ್ಕಮಗಳೂರಿನಲ್ಲಿರುವ ಅಮ್ಮನಿಗೆ ಬೀಜ ತರುವ ಆಸೆಯೂ ಇದೆ. ಮುಳ್ಳಯ್ಯನಗಿರಿಯೂ 1,900 ಮೀಟರ್ ದಾಟುತ್ತದಲ್ಲ, ಅಲ್ಲಿನ ಹವೆಗೆ ಬಾರದೇ?"

ಉತ್ತರ: ನಿಮ್ಮ ಗಿಡ ಕೊಳೆತದ್ದು ಚಳಿಯಿಂದಲ್ಲ. ಹಸಿರಾದದ್ದು ಮ್ಯೂನಿಕ್ ತಗ್ಗಿನಲ್ಲಿದೆ ಎಂಬ ಒಂದೇ ಕಾರಣಕ್ಕೂ ಅಲ್ಲ. ಎರಡಕ್ಕೂ ಮೂಲ ಒಂದೇ: ನೀರು, ಗೊಬ್ಬರ, ಹೊದಿಕೆ ಮೂರೂ ಅದಕ್ಕೆ ಬೇಕಾದುದಕ್ಕಿಂತ ಹೆಚ್ಚಾದವು. ದಾಸವಾಳಕ್ಕೋ ಗುಲಾಬಿಗೋ ಈ ಆರೈಕೆ ಸರಿಹೋಗುತ್ತಿತ್ತು. ಎಡೆಲ್‌ವೈಸ್ ಬಡ ನೆಲದ ಗಿಡ. ಉಳಿದಿರುವ ಒಂದನ್ನು ಖಂಡಿತ ಉಳಿಸಿಕೊಳ್ಳಬಹುದು, ಆದರೆ ಮಾಡಬೇಕಾದ್ದನ್ನು ಈ ತಿಂಗಳೊಳಗೆ ಮಾಡಿ ಮುಗಿಸಬೇಕು.

ನೀವು ಹೂ ಎನ್ನುತ್ತಿರುವುದು ಏನು ಎಂಬುದನ್ನು ಮೊದಲು ನೋಡೋಣ. ಬಣ್ಣದ ಗುಟ್ಟು ಅಲ್ಲೇ ಇದೆ. ಎಡೆಲ್‌ವೈಸ್ ನಮ್ಮ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ ಬಹುವಾರ್ಷಿಕ ಗಿಡ. ಹೆಸರು ಲಿಯೊಂಟೊಪೋಡಿಯಂ ಆಲ್ಪಿನಂ. ಈಗಿನ ಸಸ್ಯಶಾಸ್ತ್ರಜ್ಞರು ಇದನ್ನು ಲಿಯೊಂಟೊಪೋಡಿಯಂ ನಿವಾಲೆಯ ಉಪಪ್ರಭೇದವೆಂದು ಎಣಿಸುತ್ತಾರೆ. ಗ್ರೀಕ್ ಮೂಲದ ಈ ಹೆಸರಿನ ಅರ್ಥ ಸಿಂಹದ ಪಂಜ. ನಿಜವಾದ ಹೂಗಳು ನಡುವೆ ಇರುವ ಹಳದಿ ಗುಂಡಿಗಳಲ್ಲಿವೆ, ಒಂದೊಂದು ಗುಂಡಿಯಲ್ಲೂ ಹತ್ತಾರು ಪುಟಾಣಿ ಹೂಗಳು. ಸುತ್ತ ನಕ್ಷತ್ರದಂತೆ ಚಾಚಿದ ಬಿಳಿ ಭಾಗ ದಳವಲ್ಲ, ಎಲೆ. ಅಮ್ಮನ ಅಂಗಳದ ಕಾಗದದ ಹೂವಿನಲ್ಲಿ, ಅಂದರೆ ಬೋಗನ್‌ವಿಲ್ಲಾದಲ್ಲಿ, ಗುಲಾಬಿ ಬಣ್ಣ ಇರುವುದು ಪುಷ್ಪಪತ್ರಗಳಲ್ಲೇ ಹೊರತು ದಳಗಳಲ್ಲಲ್ಲ, ಇಲ್ಲಿಯೂ ಹಾಗೆಯೇ. ಆದರೆ ಬೋಗನ್‌ವಿಲ್ಲಾದ ಪತ್ರಕ್ಕೆ ಬಣ್ಣವಿದೆ, ಎಡೆಲ್‌ವೈಸ್‌ನ ಪತ್ರಕ್ಕೆ ಬಿಳಿ ಬಣ್ಣವೆಂಬುದೇ ಇಲ್ಲ. ಒಳಗೆ ಅದು ಮಾಮೂಲಿ ಹಸಿರೆಲೆ. ಮೇಲೆ ಹೆಣೆದುಕೊಂಡ ನವಿರು ರೋಮಗಳ ಪದರ ಬೆಳಕನ್ನು ಚದುರಿಸುವುದರಿಂದ ಬೆಳ್ಳಗೆ ಕಾಣುತ್ತದೆ.

ಆ ರೋಮದ ಹೊದಿಕೆ ಗಿಡದ ರಕ್ಷಾಕವಚ. ಬೀಸುಗಾಳಿಯಲ್ಲಿ ಎಲೆಯ ತೇವ ಆರದಂತೆ ತಡೆಯುತ್ತದೆ, ಎತ್ತರದ ತೀಕ್ಷ್ಣ ಬಿಸಿಲನ್ನು ಸೋಸುತ್ತದೆ. ಬೆಲ್ಜಿಯಂನ ಭೌತವಿಜ್ಞಾನಿ ಜಾನ್ ಪೋಲ್ ವಿನ್ಯೆರಾನ್ ಅವರ ತಂಡ 2005ರಲ್ಲಿ ಈ ರೋಮಗಳ ಸೂಕ್ಷ್ಮ ರಚನೆಯನ್ನು ವಿವರಿಸಿತು. ಅವುಗಳ ಮೈಮೇಲಿನ ಅತಿಸಣ್ಣ ಎಳೆಗಳು ನೇರಳಾತೀತ ಕಿರಣಗಳನ್ನು ಹೀರಿಕೊಂಡು, ಎಲೆಯ ಆಹಾರ ತಯಾರಿಕೆಗೆ ಬೇಕಾದ ಬೆಳಕನ್ನು ಒಳಗೆ ಬಿಡುತ್ತವೆ.

ಈಗ ನಿಮ್ಮ ಹಸಿರು ಹೂವಿಗೆ ಬರೋಣ. ಗೊಬ್ಬರದ ಸಾರಜನಕ ಹೆಚ್ಚು ಸಿಕ್ಕಿ, ನೀರೂ ಬೇಕಾದಷ್ಟು ಸಿಕ್ಕರೆ ಎಲೆ ಬೇಗ ಬೇಗ ಅಗಲವಾಗಿ ಹಿಗ್ಗುತ್ತದೆ, ದಂಟು ಉದ್ದವಾಗುತ್ತದೆ. ರೋಮಗಳು ಅಷ್ಟೇ ಇದ್ದು ಎಲೆ ಮಾತ್ರ ದೊಡ್ಡದಾದರೆ ಉಣ್ಣೆಯಂಥ ಆ ಹೊದಿಕೆ ತೆಳುವಾಗಿ ಕೆಳಗಿನ ಹಸಿರು ಇಣುಕುತ್ತದೆ. ಬೆಟ್ಟದಲ್ಲಿ ಸಾಮಾನ್ಯವಾಗಿ 5ರಿಂದ 20 ಸೆಂ.ಮೀ. ಇರುವ ಗಿಡ ತೋಟದ ಕೊಬ್ಬಿದ ಮಣ್ಣಿನಲ್ಲಿ ಅದರ ಎರಡರಷ್ಟಾಗುವುದು ಇದೇ ಕಾರಣಕ್ಕೆ. ಜೊತೆಗೆ ಮಳೆಯಲ್ಲಿ ನೆನೆದ ಉಣ್ಣೆ ಎಲೆಗೆ ಅಂಟಿಕೊಂಡು ಬೆಳ್ಳಗಿನ ಕಳೆ ಹೋಗುತ್ತದೆ. ಮ್ಯೂನಿಕ್‌ನಲ್ಲಿ ಮಳೆಗಾಳಿ ಬಹುಪಾಲು ಪಶ್ಚಿಮದಿಂದ ಬೀಸುವುದರಿಂದ ನಿಮ್ಮ ಬಾಲ್ಕನಿಗೆ ಎರಚಲು ನೇರವಾಗಿ ಹೊಡೆಯುತ್ತದೆ. ಕುಂಡ ಗಾಜಿನ ಕಟಕಟೆಯ ಹಿಂದೆ ನೆಲದ ಮೇಲಿದ್ದರೆ ಗಾಜು ನೇರಳಾತೀತ ಕಿರಣದ ಒಂದು ಪಾಲನ್ನೂ ತಡೆಯುತ್ತದೆ. ಅದನ್ನು ಒಂದು ಸ್ಟ್ಯಾಂಡಿನ ಮೇಲಿಟ್ಟು ಕಟಕಟೆಗಿಂತ ಎತ್ತರಕ್ಕೆ ತಂದರೆ ಬಿಸಿಲು ಚೆನ್ನಾಗಿ ಬೀಳುತ್ತದೆ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು, ಅದಕ್ಕಿಂತ ಕಡಿಮೆಯಾದರೆ ದಂಟು ಮತ್ತೆ ಉದ್ದವಾಗುತ್ತದೆ.

ಈಗಿರುವ ಹೂ ಮತ್ತೆ ಬೆಳ್ಳಗಾಗುವುದಿಲ್ಲ. ಬೆಳೆದು ನಿಂತ ಎಲೆಯ ಮೇಲೆ ಹೊಸ ರೋಮ ಹುಟ್ಟುವುದಿಲ್ಲ. ಮುಂದಿನ ಜೂನ್‌ನ ಹೂವೇ ಉತ್ತರ. ಗಿಡದ ಜೊತೆ ಬಂದ ಚೀಟಿಯನ್ನೂ ಒಮ್ಮೆ ನೋಡಿ. ಅಂಗಡಿಗಳಲ್ಲಿ ಎಡೆಲ್‌ವೈಸ್ ಹೆಸರಲ್ಲಿ ಏಷ್ಯಾದ ಸೋದರ ಪ್ರಭೇದಗಳೂ ಬೆರಕೆ ತಳಿಗಳೂ ಮಾರಾಟವಾಗುತ್ತವೆ. ಅಂಥದಾದರೆ ಅದರ ಬಣ್ಣ ಹುಟ್ಟಾ ಬೂದಾಗಿಯೂ ಇರಬಹುದು. ಆಗ ಎಷ್ಟು ಕಾಳಜಿ ಮಾಡಿದರೂ ಪೋಸ್ಟ್‌ಕಾರ್ಡಿನ ಬಿಳುಪು ಬಾರದು. ಅಂಗಡಿಯಲ್ಲಿ ನೀವು ಮೆಚ್ಚಿಕೊಂಡ ಗಿಡ್ಡ, ಒತ್ತಾದ ರೂಪದಲ್ಲಿ ನರ್ಸರಿಯವರ ಕೈಚಳಕವೂ ಒಂದಿಷ್ಟು ಇರುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನು ಕೊಳೆತದ್ದು. ಆಲ್ಪ್ಸ್‌ನಲ್ಲಿ ಈ ಗಿಡ ಹೆಚ್ಚಾಗಿ 1,800ರಿಂದ 3,000 ಮೀಟರ್ ಎತ್ತರದ ಸುಣ್ಣಕಲ್ಲಿನ ಹುಲ್ಲುಗಾವಲು, ಬಂಡೆಯ ಸಂದುಗಳಲ್ಲಿರುತ್ತದೆ. ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿ, ಬುಡದ ಮೊಗ್ಗು ಮಾತ್ರ ಹಿಮದಡಿ ಮಲಗಿರುತ್ತದೆ. ಹೊರಗೆ ಮೈನಸ್ ಇಪ್ಪತ್ತಿದ್ದರೂ ದಪ್ಪ ಹಿಮದಡಿ ನೆಲದ ತಾಪ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಅಲ್ಲಿ ಹರಿಯುವ ನೀರಿಲ್ಲ, ಎಲ್ಲವೂ ಹೆಪ್ಪುಗಟ್ಟಿದೆ. ಸುಮಾರು 520 ಮೀಟರ್ ಎತ್ತರದ ಮ್ಯೂನಿಕ್‌ನಲ್ಲಿ ಹಾಗಲ್ಲ. ಒಂದು ದಿನ ಹೆಪ್ಪು, ಮರುದಿನ ಮಳೆ, ಮತ್ತೆ ಹೆಪ್ಪು. ಮಲಗಿದ ಬೇರು ನೀರು ಹೀರುವುದಿಲ್ಲವಾದ್ದರಿಂದ ಹಾಕಿದ ನೀರು ಕುಂಡದಲ್ಲೇ ನಿಂತು, ಗಾಳಿಯಿಲ್ಲದೆ ಬೇರು ಉಸಿರುಕಟ್ಟಿ, ಶಿಲೀಂಧ್ರ ಬುಡಕ್ಕೆ ಏರುತ್ತದೆ. ಗುಳ್ಳೆ ಪ್ಲಾಸ್ಟಿಕ್ ಆ ತೇವ ಹೊರಗೆ ಹೋಗದಂತೆ ಬಿಗಿದಿಟ್ಟಿತು. ನಡುಭಾಗ ಮೊದಲು ಕಪ್ಪಾದದ್ದು ಇದರದೇ ಗುರುತು. ಬರೀ ಚಳಿ ತಗುಲಿದ್ದರೆ ಹೊರ ಎಲೆಗಳು ಮೊದಲು ಕಂದಿ, ಬುಡ ಗಟ್ಟಿಯಾಗಿ ಉಳಿಯುತ್ತಿತ್ತು.

ತಳಕ್ಕೆ ಹಾಕಿದ ಬೆಣಚುಕಲ್ಲಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕರ್ನಾಟಕದ ಮನೆಮನೆಯಲ್ಲೂ ಇರುವ ರೂಢಿ ಇದು, ಒಳ್ಳೆಯ ತೋಟಗಾರರೂ ಮಾಡುತ್ತಾರೆ, ಆದರೆ ಫಲ ಉಲ್ಟಾ. ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಸ್ಪಂಜಿನಂತೆ ಹಿಡಿದಿಡುತ್ತವೆ. ಕೆಳಗೆ ದೊಡ್ಡ ಸಂದುಗಳ ಕಲ್ಲು ಬಂದರೆ, ಮೇಲಿನ ಮಣ್ಣು ಪೂರ್ತಿ ತೊಯ್ಯುವವರೆಗೆ ನೀರು ಆ ಸಂದಿಗೆ ಇಳಿಯುವುದೇ ಇಲ್ಲ. ಕುಂಡದ ತಳದಲ್ಲಿ ಇರಬೇಕಿದ್ದ ಒದ್ದೆ ಪದರ ಎರಡು ಇಂಚು ಮೇಲೇರಿ ಗಿಡದ ಬುಡಕ್ಕೆ ಅಷ್ಟು ಹತ್ತಿರವಾಗುತ್ತದೆ. ಕಲ್ಲುಚೂರು ಇರಬೇಕಾದ್ದು ಮಣ್ಣಿನೊಳಗೆ ಬೆರೆತು, ಮತ್ತು ಮೇಲ್ಭಾಗದಲ್ಲಿ ಬುಡದ ಸುತ್ತ. ತಳದ ರಂಧ್ರದ ಮೇಲೆ ಒಂದು ಹೆಂಚಿನ ಚೂರೋ ಜಾಲರಿಯ ತುಂಡೋ ಸಾಕು.

ಗಿಡ ಉಳಿಸಲು ಮೂರು ದಾರಿಗಳಿವೆ. ನಿಮಗೆ ನಾನು ಹೇಳುವುದು ಮೊದಲನೆಯದನ್ನೇ: ಈಗಲೇ ಮಣ್ಣು ಬದಲಿಸಿ. ಕುಂಡ ಬದಲಿಸಲು ಏಪ್ರಿಲ್ ಒಳ್ಳೆಯ ಕಾಲ, ನಿಜ. ಆದರೆ ನಿಮ್ಮ ಗಿಡ ಅದೇ ಒದ್ದೆ ಮಣ್ಣಿನಲ್ಲಿ ಇನ್ನೊಂದು ಚಳಿಗಾಲ ಕಳೆಯುವುದು, ಸೆಪ್ಟೆಂಬರ್‌ನಲ್ಲಿ ಬೇರು ಅಲುಗಾಡಿಸುವುದಕ್ಕಿಂತ ದೊಡ್ಡ ಅಪಾಯ. ಹೆಪ್ಪು ಬೀಳುವ ಮೊದಲು ಬೇರು ಹಿಡಿಯಲು ಐದಾರು ವಾರ ಬೇಕು. ಅಕ್ಟೋಬರ್ ಬಂತೆಂದರೆ ಕೈಹಾಕಬೇಡಿ.

ಮಣ್ಣಿನ ಕುಂಡ ತನ್ನಿ, 18ರಿಂದ 20 ಸೆಂ.ಮೀ. ಅಗಲ, ಆಳವೂ ಹೆಚ್ಚುಕಡಿಮೆ ಅಷ್ಟೇ. ಇದಕ್ಕಿಂತ ದೊಡ್ಡದು ಬೇಡ. ಬೇರು ತಲುಪದ ಮಣ್ಣು ಸುಮ್ಮನೆ ನೀರು ಹಿಡಿದು ಕೂರುತ್ತದೆ. ಮಿಶ್ರಣಕ್ಕೆ ಮೂರು ಸಮಪಾಲು: ಗೊಬ್ಬರ ಕಡಿಮೆ ಇರುವ ಮಣ್ಣು, ತೊಳೆದ ದಪ್ಪ ಮರಳು, 2ರಿಂದ 5 ಮಿ.ಮೀ. ಗಾತ್ರದ ಸುಣ್ಣಕಲ್ಲಿನ ಚೂರು. ಅಲ್ಲಿನ ಅಂಗಡಿಯಲ್ಲಿ ಮಣ್ಣಿಗೆ 'ಕ್ರೊಯ್ಟರ್‌ಎರ್ಡೆ' ಎಂದೂ ಕಲ್ಲುಚೂರಿಗೆ 'ಕಾಲ್ಕ್‌ಷ್ಪ್ಲಿಟ್' ಎಂದೂ ಕೇಳಿ. ಪೀಟ್ (ಜೌಗು ನೆಲದ ಅರೆಕೊಳೆತ ಸಸ್ಯಾಂಶ) ತುಂಬಿದ ಹೂಗಿಡದ ಮಣ್ಣು ಆಮ್ಲೀಯ, ಒಮ್ಮೆ ನೆನೆದರೆ ಬೇಗ ಆರುವುದಿಲ್ಲ, ಅದನ್ನು ತರಬೇಡಿ. ಮಕ್ಕಳ ಆಟದ ನುಣುಪು ಮರಳನ್ನೂ ಬಳಸಬೇಡಿ, ಅದು ಸಂದುಗಳನ್ನು ಮುಚ್ಚಿ ಗಾರೆಯಂತಾಗುತ್ತದೆ.

ಹೂದಂಟುಗಳನ್ನು ಕತ್ತರಿಸಿ ಗಿಡವನ್ನು ಮಗುಚಿ ಹೊರತೆಗೆಯಿರಿ. ಹಳೆ ಮಣ್ಣಿನ ಮೂರರಲ್ಲಿ ಎರಡು ಪಾಲು ಬೆರಳಿನಿಂದ ಉದುರಿಸಿ. ಬೇರು ನೋಡುವುದು ಈಗ ಮುಖ್ಯ. ಕೆನೆಬಣ್ಣದ ಗಟ್ಟಿ ಬೇರು ಆರೋಗ್ಯದ್ದು. ಕಪ್ಪಾಗಿ, ಜಗ್ಗಿದರೆ ಸಿಪ್ಪೆ ಕಳಚಿ ದಾರದಂಥ ನಾರು ಉಳಿಯುವುದು ಕೊಳೆತದ್ದು. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಅದನ್ನು ತೆಗೆದುಹಾಕಿ. ಕಂದು ತಲೆಯ, ಕಾಲಿಲ್ಲದ, ಬಾಗಿ ಮಲಗಿದ ಬಿಳಿ ಹುಳುಗಳು ಸಿಕ್ಕರೆ ಅವು ಮೂತಿಹುಳುವಿನ ಮರಿಗಳು. ಯುರೋಪಿನ ಕುಂಡಗಳಲ್ಲಿ ಸಾಮಾನ್ಯ, ಬೇರನ್ನು ಪೂರ್ತಿ ತಿಂದುಬಿಡುತ್ತವೆ. ಆಗ ಒಂದು ಚೂರು ಹಳೆ ಮಣ್ಣನ್ನೂ ಉಳಿಸಬೇಡಿ, ಬೇರನ್ನು ನೀರಲ್ಲಿ ತೊಳೆದೇ ನೆಡಿ. ನೆಡುವಾಗ ಬುಡ ಮಣ್ಣಿನ ಮಟ್ಟಕ್ಕಿಂತ ಒಂದು ಸೆಂ.ಮೀ. ಮೇಲಿರಲಿ, ಸುತ್ತ ಎರಡು ಸೆಂ.ಮೀ. ದಪ್ಪ ಕಲ್ಲುಚೂರು ಹರಡಿ. ಎಲೆಗಳು ಒದ್ದೆ ಮಣ್ಣಿನ ಮೇಲಲ್ಲ, ಒಣ ಕಲ್ಲಿನ ಮೇಲೆ ಒರಗಬೇಕು. ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಒಂದು ವಾರ ನೇರ ಬಿಸಿಲಿಲ್ಲದ ಬೆಳಕಿನಲ್ಲಿಟ್ಟು, ಆಮೇಲೆ ಜಾಗಕ್ಕೆ ತನ್ನಿ. ಗೊಬ್ಬರ ಹನಿಯೂ ಬೇಡ.

ಎರಡನೆಯ ದಾರಿ, ಈಗ ಮುಟ್ಟದೆ ಏಪ್ರಿಲ್‌ವರೆಗೆ ಕಾಯುವುದು. ಹೊಸ ಮಣ್ಣಿನ ಸಾಮಾನು ಈ ತಿಂಗಳೊಳಗೆ ಹೊಂದಿಸಲಾಗದಿದ್ದರೆ ಮಾತ್ರ ಇದು. ಗೊಬ್ಬರ ಇವತ್ತೇ ನಿಲ್ಲಿಸಿ, ಕುಂಡವನ್ನು ಮಳೆ ಬೀಳದ ಮೂಲೆಗೆ ಸರಿಸಿ, ನೀರು ತೀರಾ ಕಡಿಮೆ ಮಾಡಿ. ಗಿಡ ಉಳಿಯಬಹುದು, ಹೋಗಲೂಬಹುದು.

ಮೂರನೆಯದು, ಬರುವ ಏಪ್ರಿಲ್‌ನಲ್ಲಿ ಹೊಸ ಗಿಡ ತಂದು ಮೊದಲ ದಿನದಿಂದಲೇ ಈ ಮಿಶ್ರಣದಲ್ಲಿ ಬೆಳೆಸುವುದು. ಬೀಜದಿಂದಲೂ ಬೆಳೆಸಬಹುದು: ಫೆಬ್ರವರಿಯಲ್ಲಿ ತೇವದ ಮಿಶ್ರಣದ ಮೇಲೆ ಬೀಜ ಉದುರಿಸಿ, ಮಣ್ಣು ಮುಚ್ಚದೆ, ಮೂರು ವಾರ ಚಳಿಯಲ್ಲಿಟ್ಟು, ಆಮೇಲೆ 15ರಿಂದ 18 ಡಿಗ್ರಿಯಲ್ಲಿ ಬೆಳಕಿಗಿಡಿ. ಮೊಳೆಯಲು ಎರಡು ಮೂರು ವಾರ, ಹೂವಿಗೆ ಸಾಮಾನ್ಯವಾಗಿ ಮರುವರ್ಷ. ಯಾವ ದಾರಿಯಾದರೂ ಒಂದು ಮಾತು: ತೋಟದಲ್ಲಿ ಎಡೆಲ್‌ವೈಸ್ ದೀರ್ಘಾಯುಷಿಯಲ್ಲ. ಎರಡು ಮೂರು ವರ್ಷಕ್ಕೆ ನಡು ಸೊರಗುತ್ತದೆ. ಆಗ ಏಪ್ರಿಲ್‌ನಲ್ಲಿ ಅಂಚಿನ ಮರಿಗಳನ್ನು ಬೇರುಸಹಿತ ಬಿಡಿಸಿ ಬೇರೆ ನೆಡಬೇಕು.

ಈ ಚಳಿಗಾಲಕ್ಕೆ ಗಿಡವನ್ನು ಮನೆಯೊಳಗೆ ತರಬೇಡಿ. ಹೀಟರ್‌ನ 20 ಡಿಗ್ರಿಯಲ್ಲಿ, ಡಿಸೆಂಬರ್‌ನ ಮಬ್ಬು ಬೆಳಕಿನಲ್ಲಿ ಅದು ವಿಶ್ರಾಂತಿ ತಪ್ಪಿಸಿಕೊಂಡು ಬಿಳಚಿದ ಚಿಗುರು ಬಿಟ್ಟು ಸೋಲುತ್ತದೆ. ಹೊರಗೇ ಇರಲಿ, ಮನೆಗೋಡೆಗೆ ಒತ್ತಿ, ಮೇಲಿನ ಬಾಲ್ಕನಿಯ ಮರೆಯಲ್ಲಿ. ಕೆಳಗಿನ ತಟ್ಟೆ ತೆಗೆದು, ಮೂರು ಹೆಂಚಿನ ಚೂರಿನ ಮೇಲೆ ಕುಂಡ ಎತ್ತಿಡಿ. ಇಲ್ಲದಿದ್ದರೆ ರಂಧ್ರದಲ್ಲಿ ನೀರು ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಕುಂಡದಲ್ಲಿ ಬೇರಿಗೆ ಎಲ್ಲ ಕಡೆಯಿಂದಲೂ ಚಳಿ ತಾಕುವುದರಿಂದ ಕುಂಡಕ್ಕೆ ಮಾತ್ರ ಗೋಣಿಚೀಲ ಸುತ್ತಿ. ಮೇಲ್ಭಾಗ ತೆರೆದಿರಲಿ. ಒಣಗಿದ ಎಲೆ ಬುಡಕ್ಕೆ ಮರೆಯಾಗುತ್ತದೆ, ಮಾರ್ಚ್‌ವರೆಗೆ ಬಿಡಿ. ಲೋಳೆಯಾಗಿ ಕೊಳೆತದ್ದನ್ನು ಮಾತ್ರ ಕಿತ್ತುಹಾಕಿ. ಮೂರು ನಾಲ್ಕು ವಾರಕ್ಕೊಮ್ಮೆ, ಹೆಪ್ಪಿಲ್ಲದ ದಿನ, ಮಣ್ಣಿಗೆ ಬೆರಳಿಟ್ಟು ಪೂರ್ತಿ ಒಣಗಿದ್ದರೆ ಅರ್ಧ ಲೋಟ ನೀರು ಅಂಚಿನಲ್ಲಿ ಹಾಕಿ. ಡಿಸೆಂಬರ್‌ನಲ್ಲಿ ನೀವು ಊರಿಗೆ ಬಂದಾಗ ನೀರು ಹಾಕಲು ಯಾರಿಗೂ ಹೇಳಬೇಡಿ. ಒಂದು ತಿಂಗಳು ಅದು ಸುಮ್ಮನಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಎರಡು ಮೂರು ಸೆಂ.ಮೀ. ಒಣಗಿದಾಗ ಬೆಳಗ್ಗೆ ನೀರು, ಎಲೆಗೆ ತಾಕದಂತೆ. ಮ್ಯೂನಿಕ್‌ನ ನಲ್ಲಿ ನೀರಿನ ಬಹುಪಾಲು ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯದು, ಸುಣ್ಣದ ಅಂಶವಿರುವ ಗಡಸು ನೀರು. ಕೆಟಲ್‌ನಲ್ಲಿ ಬಿಳಿ ಪದರ ಕಟ್ಟುವ ಆ ನೀರೇ ಈ ಗಿಡಕ್ಕೆ ಹಿತ, ಸೋಸಬೇಕಿಲ್ಲ.

ಸಹೋದ್ಯೋಗಿಗಳ ಮಾತಿನಲ್ಲಿ ಅರ್ಧರ್ಧ ಸತ್ಯವಿದೆ. ಕೆಳಗಿನ ಊರುಗಳಲ್ಲೂ ಎಡೆಲ್‌ವೈಸ್ ಬದುಕುತ್ತದೆ. ನೀರು ಬಸಿಯುವ ನೆಲ ಮತ್ತು ಚಳಿಗಾಲ ಎರಡೂ ಇರಬೇಕು, ಅಷ್ಟೇ. ಕಡಿದಾದ ಬಂಡೆಗಳಲ್ಲಿ ಮಾತ್ರ ಬೆಳೆಯುತ್ತದೆ, ಕೀಳಲು ಹೋದವರು ಪ್ರಾಣ ತೆರುತ್ತಾರೆ ಎಂಬ ಕಥೆಗಳು 19ನೇ ಶತಮಾನದಲ್ಲಿ ಹಬ್ಬಿದವು. ಮೂಲತಃ ಅದು ಬಿಸಿಲಿಗೆ ತೆರೆದ ಹುಲ್ಲುಗಾವಲಿನ ಗಿಡ. ಕೈಗೆಟಕುವ ಕಡೆಯದನ್ನೆಲ್ಲ ಜನ ಕಿತ್ತೊಯ್ದಾಗ ಬಂಡೆಯ ಮೇಲಿನದು ಉಳಿಯಿತು. ಆ ಕೀಳುವಿಕೆ ಎಷ್ಟು ಮಿತಿಮೀರಿತ್ತೆಂದರೆ ಸ್ವಿಟ್ಜರ್ಲೆಂಡಿನ ಒಬ್‌ವಾಲ್ಡನ್ ಪ್ರಾಂತ 1878ರಲ್ಲೇ ಇದರ ರಕ್ಷಣೆಗೆ ಕಾನೂನು ತಂದಿತು. ಜರ್ಮನಿಯಲ್ಲೂ ಕಾಡಿನ ಗಿಡಕ್ಕೆ ಕಾನೂನಿನ ರಕ್ಷಣೆಯಿದೆ. ಚಾರಣಕ್ಕೆ ಹೋದಾಗ ಒಂದು ಹೂವನ್ನೂ ಕೀಳಬೇಡಿ, ಬೀಜವನ್ನೂ ಆರಿಸಬೇಡಿ. ನರ್ಸರಿಯಲ್ಲಿ ಬೆಳೆಸಿದ ಗಿಡ ಕೊಳ್ಳುವುದರಲ್ಲಿ, ಮನೆಯಲ್ಲಿಡುವುದರಲ್ಲಿ ತಪ್ಪೇನೂ ಇಲ್ಲ.

ಅಮ್ಮನಿಗೆ ಬೀಜ ತರುವುದು ಬೇಡ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, ಎಡೆಲ್‌ವೈಸ್ ಬೆಳೆಯುವ ಎತ್ತರದೊಳಗೇ ಬರುತ್ತದೆ, ಸರಿ. ಆದರೆ ಎತ್ತರವೊಂದೇ ಹವೆಯನ್ನು ತೀರ್ಮಾನಿಸುವುದಿಲ್ಲ. ಆಲ್ಪ್ಸ್ ಇರುವುದು 46-47 ಡಿಗ್ರಿ ಉತ್ತರದಲ್ಲಿ, ಚಿಕ್ಕಮಗಳೂರು 13 ಡಿಗ್ರಿಯಲ್ಲಿ. ನಮ್ಮಲ್ಲಿ ಹಿಮದಡಿಯ ನಿದ್ದೆಯಿಲ್ಲ. ಅದಿಲ್ಲದೆ ಗಿಡ ದಣಿದು ಮೊಗ್ಗು ಕಟ್ಟುವುದು ಕಷ್ಟ. ಅದು ಹೂಬಿಡುವ ಜೂನ್‌ನಿಂದ ಆಗಸ್ಟ್ ನಮಗೆ ಮುಂಗಾರು, ವಾರಗಟ್ಟಲೆ ಮಂಜು ಮಳೆ. ಉಣ್ಣೆಯ ಎಲೆ ಆ ತೇವದಲ್ಲಿ ಬೂಸ್ಟು ಹಿಡಿಯುತ್ತದೆ. ಮಲೆನಾಡಿನ ಮಣ್ಣು ಆಮ್ಲೀಯ, ಇದಕ್ಕೆ ಬೇಕಾದ್ದು ಸುಣ್ಣದ ನೆಲ. ಇಷ್ಟರ ಮೇಲೆ ಕಾನೂನಿದೆ: ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದ ಬೀಜ, ಗಿಡ ತರಲು ಆಮದು ಪರವಾನಗಿ ಮತ್ತು ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಪ್ರವಾಸಿ ಅಂಗಡಿಯ ಬೀಜದ ಪೊಟ್ಟಣಕ್ಕೆ ಆ ಕಾಗದಗಳಿರುವುದಿಲ್ಲ. ಇನ್ನು ಗಿರಿಯ ಹುಲ್ಲುಗಾವಲಿನಲ್ಲಿ ಬಿತ್ತುವ ಯೋಚನೆಯಿದ್ದರೆ ದಯವಿಟ್ಟು ಬಿಟ್ಟುಬಿಡಿ. ಶೋಲಾ ಕಾಡಿನ ನಡುವಣ ಆ ಹುಲ್ಲುಗಾವಲಿಗೆ ಅದರದೇ ಹೂಗಳಿವೆ. ಹೊರಗಿನ ಗಿಡ ಹಿಡಿದುಕೊಂಡರೆ ಏನಾಗುತ್ತದೆ ಎಂಬುದನ್ನು ಲಂಟಾನ ನಮಗೆ ಸಾಕಷ್ಟು ಕಲಿಸಿದೆ.

ಅಮ್ಮನಿಗೆ ಇದೇ ಕುಟುಂಬದ ಹೂವೇ ಬೇಕೆಂದರೆ ಸ್ಟ್ರಾಫ್ಲವರ್ ನೆಡಲಿ, ನರ್ಸರಿಯವರು ಹೆಲಿಕ್ರೈಸಮ್ ಎನ್ನುತ್ತಾರೆ. ಊಟಿಯಲ್ಲಿ ಒಣಹೂವಿನ ಗುಚ್ಛವಾಗಿ ಮಾರುವುದನ್ನು ನೀವೂ ನೋಡಿರಬಹುದು. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್‌ನಲ್ಲಿ ಬಿತ್ತಿದರೆ ಬೇಸಿಗೆ ಕಾಲಿಡುವ ಮೊದಲೇ ಹೂ ಸಿಗುತ್ತದೆ. ಅದರಲ್ಲಿಯೂ ಕಾಗದದಂತೆ ಸರಸರ ಎನ್ನುವ ಬಣ್ಣದ ಭಾಗ ದಳವಲ್ಲ, ಪುಷ್ಪಪತ್ರವೇ. ಎಡೆಲ್‌ವೈಸ್‌ನ ಬಂಧುಗಳನ್ನೇ ನೋಡುವ ಆಸೆಯಿದ್ದರೆ ಆಲ್ಪ್ಸ್‌ವರೆಗೆ ಬರಬೇಕಾಗಿಯೂ ಇಲ್ಲ. ಈ ಕುಲದ ಹೆಚ್ಚಿನ ಪ್ರಭೇದಗಳು ಏಷ್ಯಾದವೇ. ಲಿಯೊಂಟೊಪೋಡಿಯಂ ಹಿಮಾಲಯಾನಂ ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿದೆ. ಉತ್ತರಾಖಂಡದಲ್ಲಿ ಇಂಥ ಹುಲ್ಲುಗಾವಲನ್ನು ಬುಗ್ಯಾಲ್ ಎನ್ನುತ್ತಾರೆ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಅಲ್ಲಿ ಹೂವಿನ ಕಾಲ. ನೀವು ಅಮ್ಮನ ಜೊತೆ ಹೋಗುವಿರಾದರೆ ರಜೆಯನ್ನು ಡಿಸೆಂಬರ್ ಬದಲು ಆಗ ಹಾಕಿಕೊಳ್ಳಿ.